ಹದಿನಾಲ್ಕನೆಯ ನೋಟುಪುಸ್ತಕ

ಗ್ರಾಜ್ ನಗರದಲ್ಲಿ ಈ ಹಳೆಯ ಶೀಘ್ರಲಿಪಿ ಓದಬಲ್ಲವರು
ಮೂವರೇ ಉಳಿದಿದ್ದೇವೆ. ಒಬ್ಬರಿಗೆ ಕಣ್ಣಿಲ್ಲ,
ಇನ್ನೊಬ್ಬರಿಗೆ ಸಹನೆಯಿಲ್ಲ. ಹಾಗಾಗಿ
ವಿಶ್ವವಿದ್ಯಾಲಯದವರು ನನ್ನ ಬಾಗಿಲಿಗೆ ಬಂದರು.

ಮೂವತ್ತೊಂದು ವರ್ಷ ಕೋರ್ಟಿನಲ್ಲಿ
ಕಳ್ಳರ ಮಾತು, ಸಾಕ್ಷಿಗಳ ಕೆಮ್ಮು,
ಆಕಳಿಕೆಯ ನಡುವೆ ಬಂದ ತೀರ್ಪು
ಎಲ್ಲ ಬರೆದ ಕೈ ಇದು, ಉಪ್ಪು ಖಾರ ಹಚ್ಚದೆ.
ತತ್ವಶಾಸ್ತ್ರ ನನಗೆ ತಿಳಿಯದು, ಎಂದೆ.
ತಿಳಿಯುವ ಕೆಲಸ ನಮ್ಮದು, ಎಂದರು.

ಲೋಟಾರ್ ವೈಸೆನ್‌ಬಾಖ್.
ಹೆಸರೆತ್ತಿದರೆ ಇಲ್ಲಿ ಕೆಲವರು ಎದ್ದು ನಿಲ್ಲುತ್ತಾರೆ,
ಕೆಲವರು ಎದ್ದು ಹೋಗುತ್ತಾರೆ.
ಮನೆ ಯಾರದೆಂದು ಪತ್ರಗಳನ್ನು ಕೇಳಬೇಡ,
ಚಿಲಕ ಯಾರ ಕೈಲಿದೆ ನೋಡು:
ಇಷ್ಟೇ ಅವನ ಸಿದ್ಧಾಂತವಂತೆ, ಆರುನೂರು ಪುಟ.
ಮಂತ್ರಿಯೊಬ್ಬ ಅದನ್ನು ದಿಂಬಿನಡಿ ಇಟ್ಟು ಮಲಗುತ್ತಿದ್ದನಂತೆ.
ಆ ಮಂತ್ರಿಯ ಜೈಲಿನಲ್ಲಿ ಕೊಳೆತವರೂ ಮುಂದೆ
ಅದನ್ನೇ ಗೆರೆ ಎಳೆದೆಳೆದು ಓದಿದರಂತೆ.

ಇದನ್ನೆಲ್ಲ ಹೇಳಿದ್ದು ಯಾಸ್ನಾ, ಸಂಶೋಧನೆಯ ಹುಡುಗಿ.
ಅವಳ ಅಪ್ಪ ಅಮ್ಮ ಬೋಸ್ನಿಯಾದಿಂದ ಬರುವಾಗ
ಗಡಿಯಲ್ಲಿ ಹನ್ನೊಂದು ರಾತ್ರಿ ಬಸ್ಸಿನಲ್ಲೇ ಕೂತಿದ್ದರು,
ಇವಳಿನ್ನೂ ಹೊಟ್ಟೆಯಲ್ಲಿ.
"ಚಿಲಕ ಏನೆಂದು ಓದಿ ತಿಳಿಯಬೇಕಿರಲಿಲ್ಲ ನನಗೆ.
ಆದರೆ ಅವನಷ್ಟು ಸರಿಯಾಗಿ ಬೇರೆ ಯಾರೂ ಹೇಳಲಿಲ್ಲ.
ಸಿಟ್ಟು ಬರುವುದು ಅದಕ್ಕೇ."

ಈ ಲಿಪಿಯಲ್ಲಿ ಸ್ವರಕ್ಕೆ ಬೇರೆ ಗುರುತಿಲ್ಲ.
ಗೆರೆ ಮೇಲೇರಿದರೆ ಒಂದು, ಒತ್ತಿದರೆ ಇನ್ನೊಂದು.
ಕೈ ಭಾರವಾದ ಕಡೆಯೆಲ್ಲ ನನ್ನ ಬೆರಳಿಗೆ ಸಿಗುತ್ತದೆ.
"ರಾಜ್ಯ" ಎಂಬಲ್ಲಿ ತೇಲಿಸಿಬಿಟ್ಟಿದ್ದಾನೆ.
"ಬೆಣ್ಣೆ" ಎಂಬಲ್ಲಿ ಪೆನ್ಸಿಲಿನ ಮೊನೆ ಮುರಿದಿದೆ. ಯುದ್ಧಕಾಲ.

ಹದಿನಾಲ್ಕನೆಯದರಲ್ಲಿ ಒಂದು ಮಂಗಳವಾರ:
ಕಲ್ಲಿದ್ದಲು ಎರಡು ಮೂಟೆ. ಬೂಟಿನ ದಾರ.
ಮೂರನೆಯ ಅಧ್ಯಾಯ ಹದಕ್ಕೆ ಬರುತ್ತಿಲ್ಲ.
ರಾತ್ರಿ ಎರಡನೆಯ ಮಹಡಿಯವರನ್ನು ಕೆಳಗಿಳಿಸಿದರು.
ಹುಡುಗಿ ನನ್ನ ಬಾಗಿಲು ಬಡಿದಳು. ನಾನು

ಆಮೇಲೊಂದು ಗೆರೆ.
ತುದಿಗೆ ಕೊಕ್ಕೆಯಿದ್ದರೆ "ತೆರೆಯಲಿಲ್ಲ",
ಇಲ್ಲದಿದ್ದರೆ "ತೆರೆದೆ".
ಕೊಕ್ಕೆ ಇರಬೇಕಾದಲ್ಲಿ ಒಂದು ಕಲೆ.
ಬೆರಳೋ, ನೀರೋ, ಎಂಬತ್ತು ವರ್ಷದ ಗೆದ್ದಲೋ.
ಭೂತಗನ್ನಡಿ ಹಿಡಿದೆ, ಹಾಳೆಯನ್ನು ಕಿಟಕಿಗೆ ಹಿಡಿದೆ,
ಬೆನ್ನು ಸವರಿದೆ.
ಬುಧವಾರ ಬರೆದಿದ್ದಾನೆ: ಮೂರನೆಯ ಅಧ್ಯಾಯ ಮುಗಿಯಿತು.

"ನಿಮಗೇನನ್ನಿಸುತ್ತದೆ, ಪ್ರೆಟರ್‌ಹೋಫರ್ ಅವರೇ?"
ತೆರೆದಿದ್ದರೆ ಅವನ ಭಕ್ತರಿಗೆ ಹಬ್ಬ,
ತೆರೆಯದಿದ್ದರೆ ಇವಳ ಪ್ರಬಂಧಕ್ಕೊಂದು ಕೊನೆ.
ಆ ರಾತ್ರಿ ಮೂರನೆಯ ಅಧ್ಯಾಯ ನಾನೂ ಓದಿದೆ,
ತಿಳಿಯುವ ಕೆಲಸ ನನ್ನದಲ್ಲದಿದ್ದರೂ.
ಸಂಶಯದಲ್ಲಿ ಯಾರಾದರೊಬ್ಬ ತೀರ್ಮಾನಿಸಲೇಬೇಕಂತೆ,
ತೀರ್ಮಾನಿಸಿದವನೇ ಒಡೆಯನಂತೆ.
ನಗು ಬಂತು. ಎಪ್ಪತ್ತೆಂಟರ ಮುದುಕಿ,
ಪಿಂಚಣಿಯಲ್ಲಿ ಬದುಕುವವಳು,
ಈಗ ಅವನ ಬಾಗಿಲಿನ ಚಿಲಕ ನನ್ನ ಕೈಲಿ.
ನಗು ನಿಂತಿತು.

ಬೆಳಿಗ್ಗೆ ಟೈಪು ಮಾಡಿದೆ: ನಾನು, ಮುಂದಿನ ಪದ ಓದಲಾಗಲಿಲ್ಲ.
"ಇದೂ ಒಂದು ತೀರ್ಮಾನವೇ ಅಲ್ಲವೇ? ಅವನಿದ್ದರೆ ಹಾಗನ್ನುತ್ತಿದ್ದ."
ಅನ್ನಲಿ ಬಿಡು, ಎಂದೆ.
ಕೋರ್ಟಿನಲ್ಲೂ ಕೇಳಿಸದ್ದನ್ನು ಕೇಳಿಸಲಿಲ್ಲ ಎಂದೇ ಬರೆದೆ,
ಒಬ್ಬನ ಹತ್ತು ವರ್ಷ ಆ ಒಂದು ಮಾತಿಗೆ ತೂಗುಬಿದ್ದಾಗಲೂ.

ಆದರೆ ಹಾಳೆ ಮುಚ್ಚುವ ಮೊದಲು
ಅವಳ ತೋರುಬೆರಳು ಹಿಡಿದು "ಬಡಿದಳು" ಎಂಬಲ್ಲಿ ಇಟ್ಟೆ.
ಅಲ್ಲಿ ಪೆನ್ಸಿಲು ಒತ್ತಿದ ಗುರುತು
ಮುಂದಿನ ಮೂರು ಹಾಳೆಗಳಿಗೂ ಇಳಿದಿದೆ.
ಹುಡುಗಿಯ ಹೆಸರನ್ನು ಮಾತ್ರ ಅವನು ಬರೆದಿಲ್ಲ.
ಅದರಲ್ಲಿ ಯಾವ ಸಂಶಯವೂ ಇಲ್ಲ.
ಯಾಸ್ನಾ ಬೆರಳು ತೆಗೆಯಲಿಲ್ಲ, ಬಹಳ ಹೊತ್ತು.

ಸಂಜೆ ಟ್ರಾಮಿನಲ್ಲಿ, ಮೂರ್ ನದಿ ದಾಟುವಾಗ,
ಮಬ್ಬುಗಟ್ಟಿದ ಗಾಜಿನ ಮೇಲೆ ಆ ಗೆರೆ ಎಳೆದೆ,
ಕೊಕ್ಕೆಯಿಟ್ಟು ಒಮ್ಮೆ, ಇಡದೆ ಒಮ್ಮೆ.
ಪಕ್ಕದ ಸೀಟಿನ ಮಗು ಅದನ್ನು ಮೀನೆಂದುಕೊಂಡು
ಒಂದು ಕಣ್ಣು ಬರೆಯಿತು.